ಹಳೆಯ ಗೋದಾಮು, ಹೊಸ ನಿಲ್ದಾಣ

ಕಳೆದ ಸಂಚಿಕೆಯಲ್ಲಿ ಅಂಗಡಿಯ ಹಳೆಯ ಲೆಕ್ಕದ ಪುಸ್ತಕಗಳನ್ನು ಎಷ್ಟು ವರ್ಷ ಇಟ್ಟುಕೊಳ್ಳಬೇಕು ಎಂಬ ಬಗ್ಗೆ ನಾಲ್ಕು ಮಾತು ಬರೆದಿದ್ದೆವು. ಅದನ್ನು ಓದಿದ ಶಿರಾ ಕಡೆಯ ಓದುಗರೊಬ್ಬರು ಪತ್ರ ಬರೆದು, ‘ಪುಸ್ತಕಗಳ ಮಾತು ಹಾಗಿರಲಿ. ನಮ್ಮ ತಂದೆಯವರ ಕಾಲದ ಮಿಲ್ಲೊಂದು ಬೀಗ ಹಾಕಿಕೊಂಡು ನಿಂತಿದೆ. ಕೆಡವಬೇಕೋ, ಇಟ್ಟುಕೊಳ್ಳಬೇಕೋ? ಮನೆಯಲ್ಲಿ ದಿನಾ ಇದೇ ಮಾತು. ನೀವೇನು ಹೇಳುತ್ತೀರಿ?’ ಎಂದು ಕೇಳಿದ್ದಾರೆ.

ಪತ್ರ ಓದಿ ನಾವು ಸುಮ್ಮನೆ ನಕ್ಕೆವು. ಏಕೆಂದರೆ ನಮ್ಮ ಮನೆಯಲ್ಲೂ ಎರಡು ವರ್ಷ ಇದೇ ಮಾತು ನಡೆದಿತ್ತು. ಅದಕ್ಕೆ ಒಂದು ದಾರಿ ಕಂಡದ್ದು ನಮ್ಮ ಅಮರಾಪುರದಲ್ಲಲ್ಲ. ಮಗಳ ಮನೆಗೆಂದು ಅಮೆರಿಕಕ್ಕೆ ಹೋಗಿದ್ದಾಗ, ರಾಲಿ ಎಂಬ ಊರಿನ ರೈಲು ನಿಲ್ದಾಣದಲ್ಲಿ. ಆ ಕಥೆಯನ್ನೇ ಈ ತಿಂಗಳು ಹೇಳುತ್ತೇವೆ. ಪತ್ರ ಬರೆದವರಿಗೆ ಅದೇ ಉತ್ತರವೂ ಆದೀತು.

ಮೊದಲು ನಮ್ಮ ಮಿಲ್ಲಿನ ವಿಷಯ. ಅಮರಾಪುರವು ಮಡಕಶಿರಾ ಕಡೆಯ ಗಡಿಯೂರು ಎಂಬುದು ಓದುಗರಿಗೆ ಗೊತ್ತೇ ಇದೆ. ಮೊದಲು ಅನಂತಪುರ ಜಿಲ್ಲೆಯಲ್ಲಿತ್ತು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಕಚೇರಿಯ ಕಾಗದ ತೆಲುಗಿನಲ್ಲಿ ಬಂದರೂ ನಮ್ಮ ಮನೆಯ ಮಾತು, ಮಂಡಿಯ ಮಾತು ಕನ್ನಡವೇ. ಕಡಲೆಕಾಯಿ ಬೆಳೆಯುವ ಈ ಸೀಮೆಯಲ್ಲಿ ನಮ್ಮ ತಂದೆಯವರು 1962ರಲ್ಲಿ ಒಂದು ಎಣ್ಣೆ ಮಿಲ್ಲು ಕಟ್ಟಿಸಿದರು. ಬಸ್ಸು ಹೋಗುವ ರಸ್ತೆಗೆ ಮುಖ ಮಾಡಿ, ದಪ್ಪ ಕಲ್ಲಿನ ಗೋಡೆ, ಎತ್ತರದ ಮಾಡು, ನಡುವೆ ಒಂದೂ ಕಂಬವಿಲ್ಲದ ಉದ್ದನೆಯ ಶೆಡ್ಡು. ಕಾಯಿಯ ಕಾಲದಲ್ಲಿ ಗಾಡಿಗಳು ರಸ್ತೆಯ ತಿರುವಿನವರೆಗೆ ಸಾಲು ನಿಲ್ಲುತ್ತಿದ್ದವು. ಹಿಂಡಿಯ ಬೆಚ್ಚನೆಯ ವಾಸನೆ ಊರಿನ ಅರ್ಧ ಭಾಗಕ್ಕೆ ಹರಡುತ್ತಿತ್ತು.

1994ರಲ್ಲಿ ಸರ್ಕಾರ ತಾಳೆ ಎಣ್ಣೆಯ ಆಮದನ್ನು ಸಡಿಲಿಸಿದ ಮೇಲೆ ಹೊರದೇಶದ ಎಣ್ಣೆ ಧಾರಾಳವಾಗಿ ಬರತೊಡಗಿತು. ನಮ್ಮಂಥ ಸಣ್ಣ ಮಿಲ್ಲುಗಳ ಲೆಕ್ಕ ಕೂಡಿಬರಲಿಲ್ಲ. ಮೇಲಿಂದ ಮೇಲೆ ಬರಗಾಲ. 1999ರಲ್ಲಿ ಬೀಗ ಹಾಕಿದೆವು. ಆಮೇಲೆ ಕೆಲವು ವರ್ಷ ಹುಣಸೆಹಣ್ಣು ತುಂಬಿದೆವು, ಕೆಲವು ವರ್ಷ ಗೊಬ್ಬರದ ಚೀಲ. ಕಡೆಗೆ ಇಲಿ, ಬಾವಲಿಗಳಿಗೆ ಬಿಟ್ಟೆವು.

ನಮ್ಮ ತಮ್ಮನಿಗೆ ಇಬ್ಬರು ಗಂಡುಮಕ್ಕಳು. ಇಬ್ಬರೂ ಬೆಂಗಳೂರಿನಲ್ಲಿ ವ್ಯಾಪಾರ ಹಿಡಿದಿದ್ದಾರೆ. ‘ಅಣ್ಣಾ, ಗುಜರಿಯವನು ಯಂತ್ರ, ತೊಲೆ, ತಗಡು ಎಲ್ಲಾ ಸೇರಿ ಆರು ಲಕ್ಷ ಕೊಡ್ತಾನೆ. ಜಾಗ ಸೈಟು ಮಾಡಿ ಮಾರಿಬಿಡೋಣ. ಹುಡುಗರ ಅಂಗಡಿಗೆ ಬಂಡವಾಳ ಆಗುತ್ತೆ’ ಎನ್ನುವುದು ಅವನ ವಾದ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ತಂದೆಯವರು ಕಟ್ಟಿಸಿದ್ದನ್ನು ಕೆಡವಿ ಎಂದು ಹೇಳಲು ನಮಗೆ ಬಾಯಿ ಬರುತ್ತಿರಲಿಲ್ಲ. ಕೆಡವುವುದು ಏಕೆ ಬೇಡ ಎಂದು ಕೇಳಿದರೆ ಹೇಳಲು ನಮ್ಮ ಬಳಿ ಒಂದು ಲೆಕ್ಕವೂ ಇರಲಿಲ್ಲ. ವ್ಯಾಪಾರಸ್ಥರ ಮನೆಯಲ್ಲಿ ಲೆಕ್ಕವಿಲ್ಲದ ಮಾತು ಎಷ್ಟು ದಿನ ನಿಂತೀತು?

ಹೀಗಿರುವಾಗ 2023ರ ಬೇಸಿಗೆಯಲ್ಲಿ ಮಗಳ ಮನೆಗೆ ಹೊರಟೆವು. ‘ಬಂದ ಮೇಲೆ ತೀರ್ಮಾನ ಮಾಡೋಣ’ ಎಂದು ತಮ್ಮನಿಗೆ ಹೇಳಿ, ತೀರ್ಮಾನವನ್ನು ಮುಂದಕ್ಕೆ ಹಾಕಿದ ಸಮಾಧಾನದಲ್ಲೇ ವಿಮಾನ ಹತ್ತಿದೆವು.

ಮಗಳು ಅಳಿಯ ಇರುವುದು ಉತ್ತರ ಕೆರೋಲಿನಾ ರಾಜ್ಯದಲ್ಲಿ, ರಾಜಧಾನಿ ರಾಲಿಯ ಪಕ್ಕದ ಕ್ಯಾರಿ ಎಂಬ ಊರಿನಲ್ಲಿ. ಕಂಪ್ಯೂಟರ್, ಔಷಧಿ ಕಂಪನಿಗಳಿರುವ ಕಡೆ. ಕನ್ನಡದ ಮನೆಗಳು ಬೇಕಾದಷ್ಟಿವೆ. ಸಂಜೆ ಉದ್ಯಾನದಲ್ಲಿ ನಡೆದಾಡಿದರೆ ಹಾಸನದವರು, ಧಾರವಾಡದವರು, ದಾವಣಗೆರೆಯವರು ಸಿಗುತ್ತಾರೆ. ಮೇ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟು ದಾಟಿದ ಮೇಲೆ. ಹಾಗಾಗಿ ನಮ್ಮ ಮನೆಯವರಿಗೆ ಹೊತ್ತು ಮುಳುಗುವ ಮುಂಚೆ ಊಟ ಮುಗಿಸುವ ಅವಸರವೂ ಇರಲಿಲ್ಲ.

ಒಂದು ಶನಿವಾರ ಅಳಿಯಂದಿರು, ‘ಮಾವ, ನೀವು ಇಲ್ಲಿಗೆ ಬಂದಾಗಿನಿಂದ ಕಾರಿನಲ್ಲೇ ಓಡಾಡಿದ್ದೀರಿ. ಇವತ್ತು ರೈಲು ನೋಡಿಕೊಂಡು ಬರೋಣ’ ಎಂದರು. ರೈಲನ್ನು ನೋಡುವುದೇನು ಎಂದು ನಮಗೆ ಅನ್ನಿಸಿತು. ನಮ್ಮೂರಿಗೆ ಇಂದಿಗೂ ರೈಲಿಲ್ಲ. ರೈಲು ಬೇಕೆಂದರೆ ಹಿಂದೂಪುರಕ್ಕೋ ತುಮಕೂರಿಗೋ ಹೋಗಬೇಕು. ರಾಯದುರ್ಗದಿಂದ ಕಲ್ಯಾಣದುರ್ಗ, ಮಡಕಶಿರಾ, ಪಾವಗಡದ ಮೇಲೆ ತುಮಕೂರಿಗೆ ಹೊಸ ಹಳಿ ಎಂದು 2007-08ರಲ್ಲಿ ಮಂಜೂರಾದ ಸುದ್ದಿಯನ್ನು ಕೇಳಿದಾಗ ಹುಟ್ಟಿದ ಮಕ್ಕಳು ಈಗ ಕಾಲೇಜು ಓದುತ್ತಿದ್ದಾರೆ. ಅಂಥ ಊರಿನವರಿಗೆ ರೈಲು ನಿಲ್ದಾಣ ಎಂದರೆ ಇಂದಿಗೂ ದೊಡ್ಡ ಸಂಗತಿಯೇ. ನಮ್ಮ ಮನೆಯವರು ಚಪಾತಿ, ಚಟ್ನಿಪುಡಿ ಡಬ್ಬಿಗೆ ಹಾಕಿದರು. ಮೊಮ್ಮಗನ ಕೈ ಹಿಡಿದು ಹೊರಟೆವು.

ರಾಲಿಯ ನಡುಪೇಟೆಗೆ ಅಂಟಿಕೊಂಡು ಗೋದಾಮುಗಳ ಬಡಾವಣೆ ಇದೆ. ಅದಕ್ಕೆ ಹೆಸರೇ ‘ವೇರ್‌ಹೌಸ್ ಡಿಸ್ಟ್ರಿಕ್ಟ್’. ಕೆಂಪು ಇಟ್ಟಿಗೆಯ ಹಳೆಯ ಗೋದಾಮುಗಳಲ್ಲಿ ಈಗ ಕಚೇರಿ, ಹೋಟೆಲು, ಚಿತ್ರಶಾಲೆಗಳಿವೆ. ವೆಸ್ಟ್ ಮಾರ್ಟಿನ್ ಸ್ಟ್ರೀಟ್ ಎಂಬ ಬೀದಿಯ ಕೊನೆಗೆ ಕಾರು ನಿಲ್ಲಿಸಿದರು. ಎದುರಿಗೆ ಒಂದು ಬಯಲು, ಅದರ ಆಚೆ ಗಾಜಿನ ಗೋಡೆಯ ಎತ್ತರದ ಕಟ್ಟಡ. ಅದೇ ರಾಲಿ ಯೂನಿಯನ್ ನಿಲ್ದಾಣ.

ಒಳಗೆ ಕಾಲಿಟ್ಟ ಕೂಡಲೇ ನಮ್ಮ ಮನೆಯವರು ತಲೆಯೆತ್ತಿ ನೋಡಿ ನಿಂತೇಬಿಟ್ಟರು. ‘ಇದೇನ್ರೀ, ನಮ್ಮ ಮಿಲ್ಲಿನ ಮಾಡಿದ್ದ ಹಾಗೇ ಇದೆಯಲ್ಲ!’

ನಿಜ. ಗಾಜು, ಬೆಳಕು, ಹೊಳೆಯುವ ನೆಲ ಎಲ್ಲವೂ ಹೊಸದು. ಆದರೆ ತಲೆಯ ಮೇಲೆ ಉಕ್ಕಿನ ದಪ್ಪ ತೊಲೆಗಳು, ಪಕ್ಕದಲ್ಲಿ ಉಕ್ಕಿನ ಕಂಬಗಳು. ಯಾವುದನ್ನೂ ಹಲಗೆ ಹೊಡೆದು ಮುಚ್ಚಿಲ್ಲ, ಬಣ್ಣದ ಚಾವಣಿ ಕಟ್ಟಿ ಮರೆಮಾಡಿಲ್ಲ. ಕಟ್ಟಡದ ಎಲುಬು ಕಾಣುವಂತೆಯೇ ಬಿಟ್ಟಿದ್ದಾರೆ. ‘ಇದು ಉಕ್ಕಿನ ವ್ಯಾಪಾರಿಯ ಕಟ್ಟಡವಾಗಿತ್ತು ಮಾವ’ ಎಂದರು ಅಳಿಯ.

ಡಿಲನ್ ಸಪ್ಲೈ ಎಂಬುದು 1914ರಲ್ಲಿ ರಾಲಿಯಲ್ಲಿ ಶುರುವಾದ ಕಂಪನಿ. ಯಂತ್ರದ ಕಾರ್ಖಾನೆಯಾಗಿ ಹುಟ್ಟಿ ಉಕ್ಕು, ಯಂತ್ರೋಪಕರಣಗಳ ದೊಡ್ಡ ವ್ಯಾಪಾರವಾಗಿ ಬೆಳೆಯಿತು. ಈ ಬಡಾವಣೆಯಲ್ಲಿ ಅದಕ್ಕೆ ಹಲವು ಗೋದಾಮುಗಳಿದ್ದವು. ಅವುಗಳಲ್ಲಿ ‘ವಯಾಡಕ್ಟ್ ಕಟ್ಟಡ’ ಎಂದು ಕರೆಯುತ್ತಿದ್ದ ಒಂದು ಗೋದಾಮು ರೈಲು ಹಳಿಗಳ ನಡುವೆಯೇ ಇತ್ತು. ಬೇರೆ ಬೇರೆ ದಿಕ್ಕಿನಿಂದ ಬರುವ ಹಳಿಗಳು ಅಲ್ಲಿ ತ್ರಿಕೋನದಂತೆ ಕೂಡುತ್ತವೆ. ಉಕ್ಕಿನಂಥ ಭಾರದ ಸರಕಿನ ವ್ಯಾಪಾರಿ ಹಳಿಯ ಮಗ್ಗುಲಲ್ಲೇ ಗೋದಾಮು ಕಟ್ಟಿಸಿದ್ದು ಏಕೆ ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಊರಿನ ಹಿಂದಿನ ನಿಲ್ದಾಣ ಕಬಾರಸ್ ಸ್ಟ್ರೀಟ್ ಎಂಬಲ್ಲಿ 1950ರಲ್ಲಿ ಕಟ್ಟಿದ್ದು. ಊರು ಬೆಳೆದಂತೆ ಅದು ಇಕ್ಕಟ್ಟಾಯಿತು. ಹೊಸ ನಿಲ್ದಾಣಕ್ಕೆ ಜಾಗ ಹುಡುಕಿದಾಗ, ಹಳಿಗಳು ಕೂಡುವ ತ್ರಿಕೋನದಲ್ಲೇ ಈ ಗೋದಾಮು ಇತ್ತು. ಕೇಂದ್ರ ಸರ್ಕಾರ, ರಾಜ್ಯ, ನಗರಸಭೆ ಮೂವರೂ ಹಣ ಹಾಕಿದರು. ಒಟ್ಟು ಖರ್ಚು 10 ಕೋಟಿ ಡಾಲರು ಮೀರಿತು. ಕ್ಲಿಯರ್‌ಸ್ಕೇಪ್ಸ್ ಎಂಬ ಅದೇ ಊರಿನ ಸಂಸ್ಥೆ ನಕ್ಷೆ ಮಾಡಿತು. 2018ರ ಏಪ್ರಿಲ್ 30ರಂದು ಉದ್ಘಾಟನೆ. ಜುಲೈ 10ರಿಂದ ಗಾಡಿಗಳು ನಿಲ್ಲತೊಡಗಿದವು.

ಪ್ಲಾಟ್‌ಫಾರಂಗೆ ಹೋಗಲು ಹಳಿ ದಾಟಬೇಕಾಗಿಲ್ಲ, ಮೇಲ್ಸೇತುವೆ ಹತ್ತಬೇಕಾಗಿಯೂ ಇಲ್ಲ. ಹಳಿಗಳ ಕೆಳಗೆ ನಡೆದುಹೋಗುವ ದಾರಿ ಮಾಡಿದ್ದಾರೆ. ಪ್ಲಾಟ್‌ಫಾರಂ ಗಾಡಿಯ ಬಾಗಿಲಿನ ಮಟ್ಟಕ್ಕೇ ಇದೆ. ಮಂಡಿನೋವಿನ ನಮ್ಮ ಮನೆಯವರು ಯಾರ ಕೈಯನ್ನೂ ಹಿಡಿಯದೆ ಸಲೀಸಾಗಿ ಒಳಗೆ ಹೆಜ್ಜೆ ಇಟ್ಟರು. ಉದ್ದ ಸುಮಾರು 900 ಅಡಿ. ‘ತಾತ, ಇದು ಉದ್ದ ಅಲ್ವಾ?’ ಎಂದು ಮೊಮ್ಮಗ ಕೇಳಿದ. ಅದೇ ವರ್ಷದ ಮಾರ್ಚಿನಲ್ಲಿ ನಮ್ಮ ಹುಬ್ಬಳ್ಳಿಯಲ್ಲಿ 1,507 ಮೀಟರಿನ ಪ್ಲಾಟ್‌ಫಾರಂ ಉದ್ಘಾಟನೆಯಾಗಿತ್ತು, ಜಗತ್ತಿನಲ್ಲೇ ಉದ್ದನೆಯದು. ‘ಇಂಥವು ಐದು ಜೋಡಿಸಿದರೂ ಹುಬ್ಬಳ್ಳಿಗೆ ಸಾಲದು ಕಣೋ’ ಎಂದು ಹೇಳಿ ಊರಿನ ಮಾನ ಉಳಿಸಿದೆವು.

ಆದರೂ ಒಂದು ವಿಷಯ ನಮ್ಮ ವ್ಯಾಪಾರದ ಬುದ್ಧಿಗೆ ಕೊರೆಯುತ್ತಲೇ ಇತ್ತು. ದಿನಕ್ಕೆ ಇಲ್ಲಿ ನಿಲ್ಲುವ ಗಾಡಿಗಳು ಬೆರಳಲ್ಲಿ ಎಣಿಸುವಷ್ಟು. ಅಷ್ಟಕ್ಕೆ ಇಷ್ಟು ಖರ್ಚೇ? ಹೇಗೂ ಅಷ್ಟು ಸುರಿಯುವುದಾದರೆ ಹಳೆಯದನ್ನು ನೆಲಸಮ ಮಾಡಿ ಪೂರ್ತಿ ಹೊಸದನ್ನೇ ಕಟ್ಟಬಹುದಿತ್ತಲ್ಲ? ಇದನ್ನು ಅಳಿಯಂದಿರಿಗೆ ಕೇಳಿದೆವು.

ಅವರು ಕಟ್ಟಡದ ಕೆಲಸದವರಲ್ಲ, ಆದರೆ ಯೋಚನೆ ಮಾಡುವವರು. ‘ಮಾವ, ನಿಲ್ದಾಣಕ್ಕೆ ಏನೇನು ಬೇಕು ಹೇಳಿ. ಹಳಿ ಹತ್ತಿರ ಇರಬೇಕು. ಪೇಟೆ ಹತ್ತಿರ ಇರಬೇಕು. ಜನ ಸೇರಲು ಎತ್ತರದ, ಅಡ್ಡಗೋಡೆಯಿಲ್ಲದ ಒಂದು ಹಜಾರ ಇರಬೇಕು. ಇದರಲ್ಲಿ ಯಾವುದು ಆ ಉಕ್ಕಿನ ಗೋದಾಮಿನಲ್ಲಿ ಇರಲಿಲ್ಲ? ಅವರು ಗೋದಾಮನ್ನು ಉಳಿಸಿದ್ದು ಬರೀ ಪ್ರೀತಿಯಿಂದ ಅಲ್ಲ. ಅದು ಮೊದಲೇ ಅರ್ಧ ನಿಲ್ದಾಣವಾಗಿತ್ತು’ ಎಂದರು.

‘ಮೊದಲೇ ಅರ್ಧ ನಿಲ್ದಾಣವಾಗಿತ್ತು.’ ಈ ಮಾತು ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟಿತು.

ಅಲ್ಲಿಂದ ‘ಪೀಡ್‌ಮಾಂಟ್’ ಎಂಬ ಗಾಡಿ ಹತ್ತಿ ಡರ್ಹಾಮ್ ಎಂಬ ಊರಿಗೆ ಹೋದೆವು. ಅರ್ಧ ಗಂಟೆಗಿಂತ ಸ್ವಲ್ಪ ಹೆಚ್ಚಿನ ಪ್ರಯಾಣ. ಈ ಗಾಡಿಯನ್ನು ರಾಜ್ಯ ಸರ್ಕಾರವೇ 1995ರಿಂದ ರಾಲಿ ಮತ್ತು ಷಾರ್ಲಟ್ ನಗರಗಳ ನಡುವೆ ಓಡಿಸುತ್ತಿದೆ. ನಾವು ಕೂತ ಡಬ್ಬಿಗಳೂ ಹಳೆಯವೇ. ಬೇರೆ ರೈಲುಗಳಲ್ಲಿ ದುಡಿದ ಡಬ್ಬಿಗಳನ್ನು ಕೊಂಡು, ಒಳಗಿನದೆಲ್ಲ ತೆಗೆದು ಹೊಸದಾಗಿ ಮಾಡಿಸಿದ್ದು. ಕಾಫಿ, ನೀರು ಪುಕ್ಕಟೆ. ನಮ್ಮ ಮನೆಯವರು ನೀರನ್ನಷ್ಟೇ ತೆಗೆದುಕೊಂಡು ಚಪಾತಿಯ ಡಬ್ಬಿ ಬಿಚ್ಚಿದರು.

ಡರ್ಹಾಮ್‌ನಲ್ಲಿ ಇಳಿದರೆ ಇನ್ನೊಂದು ಆಶ್ಚರ್ಯ. ಆ ನಿಲ್ದಾಣವೂ ಹಳೆಯ ಗೋದಾಮೇ. ಲಿಗೆಟ್ ಅಂಡ್ ಮೈಯರ್ಸ್ ಎಂಬ ದೊಡ್ಡ ಸಿಗರೇಟು ಕಂಪನಿ ಹೊಗೆಸೊಪ್ಪು ಕೂಡಿಡುತ್ತಿದ್ದ ಇಟ್ಟಿಗೆಯ ಗೋದಾಮಿನ ಒಂದು ಭಾಗಕ್ಕೆ 2009ರಲ್ಲಿ ನಿಲ್ದಾಣ ಬಂದಿದೆ. ಆ ಊರು ಬೆಳೆದದ್ದೇ ಹೊಗೆಸೊಪ್ಪಿನಿಂದ. ಆ ವ್ಯಾಪಾರ ಅಲ್ಲಿಂದ ಹೋದ ಮೇಲೆ ಗೋದಾಮುಗಳು ಮನೆ, ಕಚೇರಿ, ಅಂಗಡಿಗಳಾಗಿವೆ. ಹೊಗೆಸೊಪ್ಪಿನ ಗೋದಾಮು ಎಂದು ಕೇಳಿ ನಾವು ಮೂಗು ಮುರಿದೆವು. ನಮ್ಮ ಮನೆಯವರು ಮಾತ್ರ, ‘ಹೊಗೆಸೊಪ್ಪು ತುಂಬಿದವರು ಮನುಷ್ಯರು. ಗೋಡೆ ಏನು ಪಾಪ ಮಾಡಿತ್ತು? ಈಗ ನಾಲ್ಕು ಜನರಿಗೆ ನೆರಳು ಕೊಡ್ತಾ ಇದೆ’ ಎಂದರು. ಅದಕ್ಕೆ ನಮ್ಮ ಬಳಿ ಎದುರುತ್ತರ ಇರಲಿಲ್ಲ.

ಅದೇ ಹಳಿಯ ಮೇಲೆ ಮುಂದೆ ಬರ್ಲಿಂಗ್ಟನ್ ಎಂಬ ಊರಿದೆಯಂತೆ. ಅಲ್ಲಿ ರೈಲ್ವೆ ಕಂಪನಿಯ ದುರಸ್ತಿ ಕಾರ್ಖಾನೆ ಇತ್ತು. ಊರಿನ ಮೊದಲ ಹೆಸರೇ ‘ಕಂಪನಿ ಶಾಪ್ಸ್’. ಆ ಹಳೆಯ ಇಂಜಿನ್ ಮನೆಯಲ್ಲೇ 2003ರಿಂದ ನಿಲ್ದಾಣ ನಡೆಯುತ್ತಿದೆ. ಹೀಗೆ ಒಂದೇ ದಾರಿಯಲ್ಲಿ ಮೂರು ನಿಲ್ದಾಣ: ಒಂದು ಉಕ್ಕಿನ ಗೋದಾಮು, ಒಂದು ಹೊಗೆಸೊಪ್ಪಿನ ಗೋದಾಮು, ಒಂದು ದುರಸ್ತಿ ಕಾರ್ಖಾನೆ. ಮೂರಕ್ಕೂ ಕಾರಣ ಒಂದೇ: ಹಿಂದೆ ಸರಕಿಗೆ ಹಳಿ ಬೇಕಿತ್ತು, ಈಗ ಜನಕ್ಕೆ ಹಳಿ ಬೇಕು. ಜಾಗ ಎರಡಕ್ಕೂ ಸರಿಹೋಯಿತು.

ಇದರ ತಿರುಗು ಮುರುಗಾದದ್ದೂ ಉಂಟು. ಪ್ಯಾರಿಸ್ಸಿನಲ್ಲಿ 1900ರಲ್ಲಿ ಕಟ್ಟಿದ ಓರ್ಸೆ ರೈಲು ನಿಲ್ದಾಣವನ್ನು 1986ರಲ್ಲಿ ಚಿತ್ರಗಳ ಮ್ಯೂಸಿಯಂ ಮಾಡಿದರು. ಅಲ್ಲೂ ಎತ್ತರದ ಹಜಾರವೇ ಕಾರಣ. ನಮ್ಮ ಬೆಂಗಳೂರನ್ನು ನೆನೆದರೆ ಬೇರೆ ಚಿತ್ರ. ಮಲ್ಲೇಶ್ವರದಲ್ಲಿ ಎಲ್ಲರೂ ರಾಜಾ ಮಿಲ್ ಎನ್ನುತ್ತಿದ್ದ ಬಟ್ಟೆಯ ಗಿರಣಿ ಇತ್ತು. ಹತ್ತಿ ವ್ಯಾಪಾರಕ್ಕೆ ನಮ್ಮ ತಂದೆಯವರ ಸ್ನೇಹಿತರು ಆ ಕಡೆ ಹೋಗಿಬರುತ್ತಿದ್ದರು. ಆ ಜಾಗದಲ್ಲಿ ಈಗ ಮಾಲ್ ಎದ್ದಿದೆ. 2014ರಲ್ಲಿ ಬಂದ ಪಕ್ಕದ ಮೆಟ್ರೋ ನಿಲ್ದಾಣಕ್ಕೂ ಮಾಲಿನ ಹೆಸರೇ ಹತ್ತಿಕೊಂಡಿತು. ಮಿಲ್ಲಿನ ಹೆಸರು ಹಳಬರ ಬಾಯಲ್ಲಷ್ಟೇ ಉಳಿದಿದೆ. ಅದೇ ದಾರಿಯಲ್ಲಿ ನಾಲ್ಕಾರು ನಿಲ್ದಾಣ ಮುಂದೆ ‘ಸ್ಯಾಂಡಲ್ ಸೋಪ್ ಫ್ಯಾಕ್ಟರಿ’ ನಿಲ್ದಾಣ ಸಿಗುತ್ತದೆ. ಅಲ್ಲಿ ಕಾರ್ಖಾನೆಯ ಹೆಸರಾದರೂ ಉಳಿಯಿತಲ್ಲ ಎಂದು ಸಮಾಧಾನ.

ಡರ್ಹಾಮ್‌ನಿಂದ ಮರುದಿನ ಬೆಳಿಗ್ಗೆ, ಅಂದರೆ ನಮ್ಮೂರಿನ ಸಂಜೆ, ತಮ್ಮನ ಫೋನು ಬಂತು. ‘ಅಣ್ಣಾ, ಗುಜರಿಯವನು ಮತ್ತೆ ಬಂದಿದ್ದ. ಮಳೆಗಾಲಕ್ಕೆ ಮುಂಚೆ ಆದರೆ ಇನ್ನೂ ಐವತ್ತು ಸಾವಿರ ಸೇರಿಸ್ತಾನಂತೆ.’

‘ಮಿಲ್ಲನ್ನ ಅಪ್ಪಾಜಿ ಅಲ್ಲೇ ಯಾಕೆ ಕಟ್ಟಿಸಿದ್ರು ಗೊತ್ತೇನೋ?’ ಎಂದು ಕೇಳಿದೆವು.

ಆ ಕಡೆ ಒಂದು ಕ್ಷಣ ಮೌನ. ‘ರಸ್ತೆ ಪಕ್ಕ ಅಂತ. ಗಾಡಿ ನಿಲ್ಲಿಸೋಕೆ ಜಾಗ ಇತ್ತು ಅಂತ. ಯಾಕಣ್ಣಾ?’

‘ಈಗ ಅಲ್ಲಿ ಏನು ನಿಲ್ತವೆ?’

‘ಬಸ್ಸು. ಮಳೆ ಬಂದರೆ ಬಸ್ಸಿಗೆ ಕಾಯೋರೆಲ್ಲ ನಮ್ಮ ಮಿಲ್ಲಿನ ಜಗಲಿ ಮೇಲೇ ನಿಂತ್ಕೊಳ್ಳೋದು. ಮೊನ್ನೆ ತಗಡು ಸೋರಿ ಒಬ್ಬ ಹೆಣ್ಣುಮಗಳ ಸೀರೆಯೆಲ್ಲ ನೆನೆದು ಬೈದುಕೊಂಡು ಹೋದಳು.’ ಹೇಳಿ ತಾನೇ ನಕ್ಕ.

ಅವನ ಬಾಯಿಂದಲೇ ಉತ್ತರ ಬಂದಿತ್ತು. ನಮ್ಮ ಮಿಲ್ಲೂ ಅರ್ಧ ನಿಲ್ದಾಣವಾಗಿಬಿಟ್ಟಿತ್ತು. ನಮಗೇ ಅದು ಕಂಡಿರಲಿಲ್ಲ.

ಊರಿಗೆ ಬಂದ ಮೇಲೆ ಎಲ್ಲವೂ ಸುಲಭವಾಗಿ ಆಯಿತು ಎಂದರೆ ಸುಳ್ಳಾದೀತು. ತಮ್ಮನ ಮಕ್ಕಳಿಗೆ ಹಣ ಬೇಕಾಗಿತ್ತು, ಅದು ನ್ಯಾಯವೂ ಆಗಿತ್ತು. ‘ದೊಡ್ಡಪ್ಪ, ನಿಮಗೆ ನೆನಪು ಬೇಕು, ನಮಗೆ ಬಂಡವಾಳ ಬೇಕು’ ಎಂದು ದೊಡ್ಡವನು ನೇರವಾಗಿಯೇ ಹೇಳಿದ. ಮಾತು ಬಿಸಿಯಾಗಿ ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಎರಡು ಮನೆಯ ನಡುವೆ ಮಾತು ಕಡಿಮೆಯಾಗಿತ್ತು. ಈ ಅಂಕಣದಲ್ಲಿ ಊರಿಗೆಲ್ಲ ಬುದ್ಧಿ ಹೇಳುವ ನಾವು ನಮ್ಮ ಮನೆಯಲ್ಲಿ ಸೋತೆವು ಎಂದು ನಮ್ಮ ಮನೆಯವರು ಹಂಗಿಸಿದರು.

ಆಗ ನೆನಪಾದದ್ದು ನಮ್ಮೂರಿನದೇ ಒಂದು ಶಾಸನ. ಶಕ 1200, ಅಂದರೆ ಕ್ರಿ.ಶ. 1278ರದು. ಆಗ ನಿಡುಗಲ್ಲಿನಲ್ಲಿ ಇರುಂಗೋಳ ಚೋಳ ಅರಸು ಆಳುತ್ತಿದ್ದ. ಮಲ್ಲಿಸೆಟ್ಟಿ ಎಂಬ ಶ್ರಾವಕ ತೈಲಂಗೆರೆಯ ಬ್ರಹ್ಮ ಜಿನಾಲಯದ ಪ್ರಸನ್ನ ಪಾರ್ಶ್ವದೇವರಿಗೆ ತಮ್ಮಡಹಳ್ಳಿಯ 2,000 ಅಡಕೆ ಮರಗಳನ್ನು ಬಿಟ್ಟುಕೊಟ್ಟ. ಅವುಗಳ ಆದಾಯದಿಂದ ಜಿನಾಲಯವನ್ನು ಬುನಾದಿಯಿಂದ ಶಿಖರದವರೆಗೆ ಕಲ್ಲಿನಲ್ಲಿ ಮತ್ತೆ ಕಟ್ಟಿಸಬೇಕು ಎಂಬುದು ಅದರ ಉದ್ದೇಶ.

ಹೊಸದನ್ನು ಕಟ್ಟುವುದಕ್ಕಿಂತ ಜೀರ್ಣೋದ್ಧಾರದಲ್ಲಿ ಪುಣ್ಯ ಹೆಚ್ಚು ಎಂದು ನಮ್ಮ ಹಿರಿಯರು ಹೇಳುತ್ತಾ ಬಂದಿದ್ದಾರೆ. ಎಣ್ಣೆ ಮಿಲ್ಲಿಗೂ ಬಸದಿಗೂ ಹೋಲಿಕೆ ಮಾಡುವಷ್ಟು ನಾವು ಮರುಳರಲ್ಲ. ಆದರೆ ಮಲ್ಲಿಸೆಟ್ಟಿಯ ಲೆಕ್ಕವನ್ನು ಗಮನಿಸಿ. ಒಂದು ಸಲ ದುಡ್ಡು ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ವರ್ಷ ವರ್ಷ ಫಲ ಕೊಡುವ ಮರಗಳನ್ನು ಕೊಟ್ಟ. ಕಟ್ಟುವುದಕ್ಕಿಂತ ನಡೆಸುವುದು ಕಷ್ಟ ಎಂದು ಅವನಿಗೆ ಗೊತ್ತಿತ್ತು. ಅಲ್ಲಿ ಕಲ್ಲು ಹೊಸದಾಯಿತು, ಉದ್ದೇಶ ಉಳಿಯಿತು. ರಾಲಿಯಲ್ಲಿ ಉದ್ದೇಶ ಹೊಸದಾಯಿತು, ಉಕ್ಕು ಉಳಿಯಿತು. ಎರಡು ಕಡೆಯೂ ಜಾಗವನ್ನು ತಿಳಿದವರು ಲೆಕ್ಕ ಹಾಕಿ ಮಾಡಿದರು. ನಮ್ಮಲ್ಲಿ ಇಲ್ಲದಿದ್ದದ್ದು ಆ ಲೆಕ್ಕವೇ.

ಆದ್ದರಿಂದ ಹಿಂದೂಪುರದಿಂದ ಒಬ್ಬ ಇಂಜಿನಿಯರನ್ನು ಕರೆಸಿ ತೋರಿಸಿದೆವು. ಗೋಡೆ ಇನ್ನೂ ಐವತ್ತು ವರ್ಷ ಬರುತ್ತದೆ ಎಂದರು. ಮಾಡಿನ ಮೇಲೆ ಒಂದು ಭಾಗ ಕಲ್ನಾರಿನ ಶೀಟು. ಅದನ್ನು ಒಡೆದರೆ ಏಳುವ ಧೂಳು ಶ್ವಾಸಕೋಶಕ್ಕೆ ಅಪಾಯ, ಸುತ್ತಿಗೆಯಿಂದ ಒಡೆಯಬೇಡಿ, ನೀರು ಹಾಕಿ ನೆನೆಸಿ ಇಡಿಯಾಗಿ ಇಳಿಸಬೇಕು ಎಂದು ಎಚ್ಚರಿಸಿದರು. ಗುಜರಿಯವನಿಗೆ ಕೊಟ್ಟಿದ್ದರೆ ಅವನ ಹುಡುಗರು ಬಾಯಿಗೆ ಬಟ್ಟೆಯನ್ನೂ ಕಟ್ಟದೆ ಒಡೆದುಹಾಕುತ್ತಿದ್ದರೇನೋ ಎಂದು ಆಗ ಎದೆ ಝಲ್ಲೆಂದಿತು.

ಕಡೆಗೆ ಮಾಡಿದ್ದು ಇಷ್ಟು. ಯಂತ್ರಗಳನ್ನು ಮಾರಿದೆವು. ಹಿಂದಿನ ಅಂಗಳವನ್ನು ಮೂರು ಸೈಟು ಮಾಡಿ ಮಾರಿದೆವು, ಆ ಹಣ ಪೂರ್ತಿ ತಮ್ಮನ ಪಾಲಿಗೆ. ಆ ಅಂಗಳದಲ್ಲಿದ್ದ ಬೇವಿನ ಮರ ಹೋಯಿತು. ಕಾಯಿ ಹಾಕಲು ಬಂದ ರೈತರು ಅದರ ಕೆಳಗೆ ಮಲಗುತ್ತಿದ್ದರು. ಅದನ್ನು ಕಡಿದ ದಿನ ನಾವು ಆ ಕಡೆ ಹೋಗಲಿಲ್ಲ. ಎಲ್ಲವನ್ನೂ ಉಳಿಸಲಾಗುವುದಿಲ್ಲ. ಮುಂದಿನ ಶೆಡ್ಡನ್ನು ಉಳಿಸಿ ಹೊಸ ತಗಡು ಹಾಕಿಸಿದೆವು. ಒಳಗೆ ನಾಲ್ಕು ಮಳಿಗೆ ಮಾಡಿದೆವು. ಔಷಧಿ ಅಂಗಡಿ, ಬೀಜ ಗೊಬ್ಬರದ ಅಂಗಡಿ, ಒಂದು ಝೆರಾಕ್ಸ್ ಅಂಗಡಿ ಬಂದಿವೆ. ನಾಲ್ಕನೆಯದು ಇನ್ನೂ ಖಾಲಿ ಇದೆ. ಕಲ್ಲಿನ ಜಗಲಿಯನ್ನು ಬಸ್ಸಿಗೆ ಕಾಯುವವರಿಗೇ ಬಿಟ್ಟೆವು. ಎರಡು ಬೆಂಚು, ಸೋಸಿದ ನೀರಿನ ಕೊಡ, ರಾತ್ರಿಗೆ ಒಂದು ದೀಪ. ಬಾಡಿಗೆಯಲ್ಲಿ ಒಂದು ಪಾಲನ್ನು ಮಾಡಿನ ದುರಸ್ತಿಗೆಂದೇ ಪ್ರತ್ಯೇಕ ಖಾತೆಗೆ ಹಾಕುತ್ತೇವೆ. ತಮ್ಮ ಅದಕ್ಕೆ ‘ಅಡಕೆ ಮರದ ಖಾತೆ’ ಎಂದು ಹೆಸರಿಟ್ಟಿದ್ದಾನೆ.

ಲಾಭವಾಯಿತೇ ಎಂದು ಕೇಳಿದರೆ, ಪೂರ್ತಿ ಮಾರಿದ್ದರೆ ಕೈಗೆ ಹೆಚ್ಚು ಹಣ ಬರುತ್ತಿತ್ತು. ಈಗ ಕಡಿಮೆ ಬಂದಿದೆ, ಆದರೆ ತಿಂಗಳು ತಿಂಗಳು ಬರುತ್ತದೆ. ತಮ್ಮನ ದೊಡ್ಡ ಮಗನಿಗೆ ಇಂದಿಗೂ ಇದು ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಕಳೆದ ಸಲ ಊರಿಗೆ ಬಂದವನು ಬೆಂಗಳೂರಿನ ಬಸ್ಸಿಗೆ ಅದೇ ಬೆಂಚಿನ ಮೇಲೆ ಕೂತು ಕಾದ.

ಈಗ ಶಿರಾದ ಓದುಗರಿಗೆ ನಮ್ಮ ಉತ್ತರ. ಮಿಲ್ಲನ್ನು ಕೆಡವಿ ಎಂದೂ ಹೇಳುವುದಿಲ್ಲ, ಉಳಿಸಿ ಎಂದೂ ಹೇಳುವುದಿಲ್ಲ. ನಾಲ್ಕು ಕೆಲಸ ಮಾಡಿ ಎನ್ನುತ್ತೇವೆ. ಮೊದಲನೆಯದು, ಪಾಲುದಾರರೆಲ್ಲ ಒಟ್ಟಿಗೆ ಕೂತು ಕಾಗದಪತ್ರ, ಖಾತೆ ಸರಿಯಿದೆಯೇ ನೋಡಿಕೊಳ್ಳಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳನ್ನೂ ಕರೆಯಿರಿ, ಅವರ ಪಾಲೂ ಇದೆ. ಎರಡನೆಯದು, ತಿಳಿದ ಇಂಜಿನಿಯರಿಂದ ಗೋಡೆ, ಮಾಡು ತೋರಿಸಿ. ಕಲ್ನಾರಿನ ಶೀಟಿದ್ದರೆ ಜೋಪಾನ. ಮೂರನೆಯದು, ಹಿರಿಯರು ಆ ಜಾಗವನ್ನೇ ಏಕೆ ಆರಿಸಿದರು ಎಂದು ಕೇಳಿ. ರಸ್ತೆಯೋ, ನೀರೋ, ಸಂತೆಯೋ, ತಂಪೋ, ಅವರು ಕಂಡ ಗುಣ ಇನ್ನೂ ಅಲ್ಲೇ ಇದ್ದರೆ ಆ ಕಟ್ಟಡದ ಮುಂದಿನ ಕಸುಬೂ ಅದರಲ್ಲೇ ಇದೆ. ನಾಲ್ಕನೆಯದು, ಅದನ್ನು ವರ್ಷ ವರ್ಷ ನಡೆಸುವ ಆದಾಯ ಎಲ್ಲಿಂದ ಎಂದು ಬರೆದಿಡಿ. ಮಲ್ಲಿಸೆಟ್ಟಿಯ ಅಡಕೆ ಮರವನ್ನು ನೆನೆಯಿರಿ.

ಈ ನಾಲ್ಕಕ್ಕೂ ಉತ್ತರ ಸಿಗದಿದ್ದರೆ ಸಂಕೋಚವಿಲ್ಲದೆ ಕೆಡವಿ. ಹಿರಿಯರು ಕಟ್ಟಿದ್ದು ಮಕ್ಕಳ ನಡುವೆ ಗೋಡೆಯಾಗಲಿ ಎಂದಲ್ಲ. ಆದರೆ ಗುಜರಿಯವನ ಬೆಲೆ ಕೇಳುವ ಮೊದಲು ಒಂದು ಮಳೆಗಾಲದ ದಿನ ನಿಮ್ಮ ಮಿಲ್ಲಿನ ಮುಂದೆ ಅರ್ಧ ಗಂಟೆ ನಿಂತು ನೋಡಿ. ಯಾರು ಬರುತ್ತಾರೆ, ಯಾಕೆ ಬರುತ್ತಾರೆ ಎಂದು ನೋಡಿ. ನಾವು ಅದನ್ನು ಕಾಣಲು ಏಳು ಸಮುದ್ರ ದಾಟಬೇಕಾಯಿತು. ನಿಮಗೆ ಅಷ್ಟು ದೂರ ಹೋಗುವ ಖರ್ಚು ಬೇಡ.

ನಿಮ್ಮ ಊರಿನಲ್ಲೂ ಹೀಗೆ ಹಳೆಯ ಗಿರಣಿಯೋ ಉಗ್ರಾಣವೋ ಹೊಸ ಕೆಲಸಕ್ಕೆ ಬಂದಿದ್ದರೆ ಬರೆದು ತಿಳಿಸಿ. ಕೈಸುಟ್ಟುಕೊಂಡ ಕಥೆಯಿದ್ದರೆ ಅದನ್ನೂ ಬರೆಯಿರಿ, ಅದರಿಂದಲೂ ನಾಲ್ಕು ಮನೆಗೆ ಉಪಯೋಗವಾದೀತು. ಮುಂದಿನ ತಿಂಗಳು ಭೇಟಿಯಾಗೋಣ. ಜೈ ಜಿನೇಂದ್ರ.